ಒಬ್ಬ ಗ್ರಂಥಸಂಗ್ರಾಹಕ

ಹಳೆಯ ಪುಸ್ತಕದಲ್ಲಿ ಕೆಲವರಿಗೆ ಧೂಳು ಮಾತ್ರ ಕಾಣುತ್ತದೆ. ಕೆಲವರಿಗೆ ಒಂದು ನಾಡಿನ ಬಾಳೇ ಕಾಣುತ್ತದೆ. ಜಾರ್ಜ್ ಅರ್ನೆಸ್ಟ್ ಮಾರಿಸನ್ ಈ ಎರಡನೆಯ ಗುಂಪಿಗೆ ಸೇರಿದವನು. 1862ರಲ್ಲಿ ಆಸ್ಟ್ರೇಲಿಯದಲ್ಲಿ ಜನಿಸಿದ ಈತನು 1897ರಲ್ಲಿ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಯ ಬಾತ್ಮೀದಾರನಾಗಿ ಪೀಕಿಂಗ್ ನಗರವನ್ನು, ಎಂದರೆ ಇಂದಿನ ಬೀಜಿಂಗನ್ನು ಸೇರಿದನು. ಚೀನೀ ಭಾಷೆ ಅವನಿಗೆ ಒಲಿಯಲಿಲ್ಲ. ಆದರೆ ಚೀನಾವನ್ನು ಕುರಿತು ಐರೋಪ್ಯ ಭಾಷೆಗಳಲ್ಲಿ ಅಚ್ಚಾದುದೆಲ್ಲವನ್ನೂ ಕೂಡಿಸಬೇಕೆಂಬ ಹಂಬಲ ಅವನನ್ನು ಹಿಡಿಯಿತು. ಮಾರ್ಕೊ ಪೋಲೊವಿನ ಪ್ರವಾಸಕಥನದ ಹಳೆಯ ಮುದ್ರಣಗಳು ಮಾತ್ರವಲ್ಲ, ಇತರರು ಓದಿ ಬಿಸುಡುವ ಕಿರುಹೊತ್ತಗೆಗಳೂ ಅವನಿಗೆ ಬೇಕಾಗಿದ್ದವು. ಇಪ್ಪತ್ತು ವರ್ಷಗಳಲ್ಲಿ ಸುಮಾರು 24,000 ಸಂಪುಟಗಳು ಕೂಡಿದವು.

1917ರಲ್ಲಿ ಅವನು ಈ ಭಂಡಾರವನ್ನು ಜಪಾನಿನ ಇವಾಸಾಕಿ ಹಿಸಾಯನಿಗೆ 35,000 ಪೌಂಡುಗಳಿಗೆ ಮಾರಿದನು. ಪುಸ್ತಕಗಳು ಚೆದುರಬಾರದು, ವಿದ್ವಾಂಸರಿಗೆ ಅವು ದೊರೆಯುತ್ತಿರಬೇಕು ಎಂಬುದು ಅವನ ಇಚ್ಛೆಯಾಗಿತ್ತು. ಈ ಸಂಗ್ರಹದ ತಳಹದಿಯ ಮೇಲೆ 1924ರಲ್ಲಿ ಟೋಕಿಯೋದಲ್ಲಿ 'ತೋಯೋ ಬುಂಕೊ' ಗ್ರಂಥಾಲಯವು ಸ್ಥಾಪಿತವಾಯಿತು. ಅದನ್ನು ಕಾಣುವ ಭಾಗ್ಯ ಮಾರಿಸನ್ನನಿಗಿರಲಿಲ್ಲ. 1920ರಲ್ಲಿಯೇ ಅವನು ತೀರಿಕೊಂಡಿದ್ದನು.

ಚೀನಾದ ಕಥೆಯನ್ನು ಹೇಳುವ ಗ್ರಂಥಗಳು ಆ ನೆಲವನ್ನೇ ಬಿಟ್ಟುಹೋದುವಲ್ಲ ಎಂಬ ಕೊರಗು ನ್ಯಾಯವಾದುದೇ. ಆದರೂ ಅವು ಹರಾಜಿನಲ್ಲಿ ಹರಿದು ಹಂಚಿಹೋಗಲಿಲ್ಲ. ಒಂದೇ ಸೂರಿನಡಿಯಲ್ಲಿ ಇಂದಿಗೂ ಓದುಗರನ್ನು ಬರಮಾಡಿಕೊಳ್ಳುತ್ತಿವೆ.