ಪೊಟರೆಗೆ ಬೇಕಾದ ವರ್ಷಗಳು

ಮೆಲ್ಬರ್ನಿಗೆ ಬಂದ ಮೊದಲ ತಿಂಗಳು, ರಾತ್ರಿ ಹೊತ್ತು ಬಾಡಿಗೆ ಮನೆಯ ಚಾವಣಿಯ ಮೇಲೆ ಯಾರೋ ಓಡಾಡುವ ಸದ್ದು ಕೇಳುತ್ತಿತ್ತು. ಇಲಿಯ ಸದ್ದಲ್ಲ, ದಪ್ಪ ಬೆಕ್ಕೊಂದು ಬೂಟು ಹಾಕಿಕೊಂಡು ನಡೆದ ಹಾಗೆ. ನಡುನಡುವೆ ಹಳೇ ಬೀಡಿ ಸೇದುವವರ ಗೊರಗೊರ ಕೆಮ್ಮು. ಮನೆಯ ಯಜಮಾನರಿಗೆ ಫೋನು ಮಾಡಿದರೆ ನಕ್ಕುಬಿಟ್ಟರು. ಅದು ಪಾಸಮ್ ಅಂತೆ. ಕಾಂಗರೂವಿನ ಹಾಗೆ ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ, ಆದರೆ ಮರದ ಮೇಲೆ ಬದುಕುವ ಪ್ರಾಣಿ. ಹಿಡಿದು ದೂರ ಬಿಟ್ಟುಬರೋಣವೆಂದರೆ ಇಲ್ಲಿನ ಕಾನೂನು ಬಿಡುವುದಿಲ್ಲ. ಹಿಡಿದ ಜಾಗದಿಂದ 50 ಮೀಟರಿನೊಳಗೇ ಬಿಡಬೇಕು. ಯಜಮಾನರು ಚಾವಣಿಯ ಸಂದು ಮುಚ್ಚಿ, ಹಿತ್ತಲಿನ ಮರಕ್ಕೆ ಹಲಗೆಯ ಪೆಟ್ಟಿಗೆಯೊಂದನ್ನು ಕಟ್ಟಿ ಹೋದರು. ಊರೊಳಗೆ ಪೊಟರೆ ಇರುವ ಹಳೇ ಮರಗಳು ಉಳಿದಿಲ್ಲ, ಅದಕ್ಕೇ ಅವು ನಮ್ಮ ಮಾಡು ಹತ್ತುತ್ತವೆ ಎಂದರು. ಅವರು ಹೇಳಿದ ಇಂಗ್ಲಿಷ್ ಮಾತಿಗೆ ನನ್ನ ತಲೆಯೊಳಗೆ 'ಪೊಟರೆ' ಎಂಬ ಶಬ್ದ ತಾನಾಗಿ ಎದ್ದುಬಂತು. ಎಷ್ಟೋ ವರ್ಷಗಳಿಂದ ಬಳಸದೇ ಇದ್ದ ಶಬ್ದ.

ನಾನು ಓದಲು ಬಂದದ್ದು ಸಂಖ್ಯಾಶಾಸ್ತ್ರ. ಕಾಡಿಗೂ ನನಗೂ ಸಂಬಂಧ ಬಂದದ್ದು ಸಹಪಾಠಿಯೊಬ್ಬಳಿಂದ. ಮರದ ಮೇಲಿನ ಪ್ರಾಣಿಗಳ ಲೆಕ್ಕ ಹಿಡಿಯಲು ಸ್ವಯಂಸೇವಕರು ಬೇಕಾಗಿದ್ದಾರೆ, ಕೂತು ಮೇಲೆ ನೋಡುವುದಷ್ಟೇ ಕೆಲಸ, ಬಾ ಎಂದಳು. ಮಲೆನಾಡಿನವಳಾದ ನನಗೆ ಕಾಡಿನಲ್ಲಿ ಕೂರುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ ಎಂಬ ಜಂಬದಲ್ಲಿ ಹೊರಟೆ.

ಮೆಲ್ಬರ್ನಿನಿಂದ ಈಶಾನ್ಯಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ ಮೇರೀಸ್‌ವಿಲ್ ಎಂಬ ಸಣ್ಣ ಊರಿದೆ. ಅದರ ಸುತ್ತಲಿನ ಬೆಟ್ಟಗಳಲ್ಲಿ ಬೆಳೆಯುವುದು ಮೌಂಟನ್ ಆ್ಯಶ್ ಎಂಬ ಮರ. ಹೂಬಿಡುವ ಸಸ್ಯಗಳಲ್ಲೇ ಜಗತ್ತಿನಲ್ಲಿ ಅತಿ ಎತ್ತರದ್ದು. ಅದು ನೀಲಗಿರಿಯ ಜಾತಿ ಎಂದು ಕೇಳಿ ನನಗೆ ಸ್ವಲ್ಪ ಸಿಟ್ಟೇ ಬಂತು. ನಾವು ನೀಲಗಿರಿಯನ್ನು ಬೈಯುತ್ತಲೇ ಬೆಳೆದವರು. ಬಾವಿಯ ನೀರು ಕುಡಿಯುವ ಮರ, ಏಳೆಂಟು ವರ್ಷಕ್ಕೆ ಕಡಿದು ಲಾರಿಗೆ ತುಂಬುವ ಮರ. ಅದಕ್ಕೂ ಮುಪ್ಪು ಬರುತ್ತದೆ, ಅದರ ಕೆಳಗೂ ಜರೀಗಿಡಗಳು ಆಳೆತ್ತರ ಬೆಳೆದು ಹಸಿರು ಕತ್ತಲು ಕವಿಯುತ್ತದೆ, ಇಂಬಳ ಕಾಲಿಗೆ ಹತ್ತುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಇಂಬಳವನ್ನು ಕಂಡು ಉಳಿದವರು ಕಿರುಚಿದರೆ ನನಗೆ ತವರಿನವರು ಸಿಕ್ಕಂತಾಯಿತು.

ಕೆಲಸ ನಿಜಕ್ಕೂ ಅಷ್ಟೇ. ಒಬ್ಬೊಬ್ಬರಿಗೆ ಒಂದೊಂದು ಪೊಟರೆಯ ಮರ. ಹೆಚ್ಚಿನವು ಸತ್ತು ಒಣಗಿ, ತುದಿ ಮುರಿದು ನಿಂತ ಬೂದುಬಣ್ಣದ ಬೊಡ್ಡೆಗಳು. ಸೂರ್ಯ ಮುಳುಗುವ ಮುಂಚೆ ಬುಡದಿಂದ ಸ್ವಲ್ಪ ದೂರ ಕೂತು, ಪೂರ್ತಿ ಕತ್ತಲಾಗಿ ಎಷ್ಟೋ ಹೊತ್ತಿನವರೆಗೆ ಮಾತಿಲ್ಲದೆ, ಟಾರ್ಚಿಲ್ಲದೆ, ಬಾನಿನ ಕೊನೆಯ ಬೆಳಕಿಗೆ ಎದುರಾಗಿ ಯಾವ ಪೊಟರೆಯಿಂದ ಯಾವ ನೆರಳು ಹೊರಬರುತ್ತದೆ ಎಂದು ಬರೆದಿಡಬೇಕು. ನಾವು ಕಾಯುತ್ತಿದ್ದುದು ಮುಖ್ಯವಾಗಿ ಲೆಡ್‌ಬೀಟರ್ಸ್ ಪಾಸಮ್‌ಗೆ. ತೂಕ 150 ಗ್ರಾಮಿನ ಆಸುಪಾಸು, ಅಂಗೈಯಲ್ಲಿ ಹಿಡಿಸುತ್ತದೆ. ದೊಡ್ಡ ಕಣ್ಣು, ಗದೆಯಂತೆ ತುದಿ ದಪ್ಪಗಾದ ಬಾಲ. ಪೊಟರೆಯೊಳಗೆ ತೊಗಟೆಯ ನಾರಿನ ಹಾಸಿಗೆ ಮಾಡಿಕೊಂಡು ಒಂದೇ ಕುಟುಂಬ ಒತ್ತೊತ್ತಾಗಿ ಮಲಗುತ್ತದೆ. ಯಜಮಾನಿಕೆ ತಾಯಿಯದು. ಬೆಳೆದ ಮಕ್ಕಳಲ್ಲಿ ಹೆಣ್ಣನ್ನೇ ಆಕೆ ಮೊದಲು ಹೊರಗಟ್ಟುತ್ತಾಳೆ ಎಂದು ಓದಿ, ಇಲ್ಲೂ ಇದೇ ಕಥೆಯೇ ಎಂದುಕೊಂಡೆ.

ಈ ಪ್ರಾಣಿಯ ಚರಿತ್ರೆ ವಿಚಿತ್ರವಾದದ್ದು. ವಿಜ್ಞಾನದ ದಾಖಲೆಗೆ ಬಂದದ್ದು 1867ರಲ್ಲಿ. 1909ರಲ್ಲಿ ಸಿಕ್ಕ ಒಂದು ಮಾದರಿಯ ನಂತರ ಸುದ್ದಿಯೇ ಇಲ್ಲ, ಅಳಿದೇಹೋಯಿತು ಎಂದುಕೊಂಡರು. 1961ರ ಏಪ್ರಿಲಿನಲ್ಲಿ ಎರಿಕ್ ವಿಲ್ಕಿನ್ಸನ್ ಎಂಬುವರಿಗೆ ಮೇರೀಸ್‌ವಿಲ್ ಹತ್ತಿರದ ಕಾಡಿನಲ್ಲಿ ಮತ್ತೆ ಕಣ್ಣಿಗೆ ಬಿತ್ತು. 1971ರಲ್ಲಿ ವಿಕ್ಟೋರಿಯಾ ರಾಜ್ಯದ ಲಾಂಛನ ಪ್ರಾಣಿಯೂ ಆಯಿತು. ಆದರೆ ಅದು ಮತ್ತೆ ಕಂಡದ್ದಕ್ಕೆ ಕಾರಣ ಒಂದು ಭೀಕರ ಬೆಂಕಿ. 1939ರ ಜನವರಿ 13ರ ಕಾಳ್ಗಿಚ್ಚಿನಲ್ಲಿ ಈ ಬೆಟ್ಟಗಳು ಸುಟ್ಟುಹೋದವು. ಮೌಂಟನ್ ಆ್ಯಶ್ ಜೋರು ಬೆಂಕಿಗೆ ಸಾಯುತ್ತದೆ, ಚಿಗುರುವುದಿಲ್ಲ. ಅದರ ಬೀಜ ಬೂದಿಯಲ್ಲಿ ಮೊಳೆಯುತ್ತದೆ. ಹಾಗೆ ಎದ್ದ ಎಳೆಯ ಕಾಡಿನಲ್ಲಿ ಪಾಸಮ್‌ಗೆ ಬೇಕಾದ ಅಂಟು ಒಸರುವ ಅಕೇಶಿಯಾ ಗಿಡಗಳಿದ್ದವು, ಮಲಗಲು ಬೆಂಕಿಯಲ್ಲಿ ಸತ್ತ ಮುದಿಮರಗಳ ಪೊಟರೆಗಳಿದ್ದವು. ಊಟವೂ ಮನೆಯೂ ಒಂದೇ ಕಡೆ.

ಆ ಸತ್ತ ಮರಗಳು ಈಗ ಒಂದೊಂದಾಗಿ ಉರುಳುತ್ತಿವೆ. ಮೇಲಿಂದ 2009ರ ಫೆಬ್ರವರಿ 7ರ ಬೆಂಕಿ. 173 ಜನ ಸತ್ತರು, ಮೇರೀಸ್‌ವಿಲ್ ಊರೇ ಬೂದಿಯಾಯಿತು, ಪಾಸಮ್‌ಗಳ ನೆಲೆಯ ದೊಡ್ಡ ಪಾಲು ಹೋಯಿತು. 1939ರಲ್ಲಿ ಹುಟ್ಟಿ ಉಳಿದ ಮರಗಳು ಮುಗಿಲು ಮುಟ್ಟುವಂತೆ ನಿಂತಿವೆ, ಆದರೆ ಅವುಗಳಲ್ಲಿ ಪೊಟರೆ ಇಲ್ಲ. ಈ ಮರದಲ್ಲಿ ಪೊಟರೆ ಮೂಡಲು ಕಡಿಮೆಯೆಂದರೂ 120 ವರ್ಷ ಬೇಕು, ಹದವಾದ ಪೊಟರೆಗೆ ಇನ್ನೂ ಎಷ್ಟೋ ಹೆಚ್ಚು. ಆಸ್ಟ್ರೇಲಿಯಾದಲ್ಲಿ ಮರಕುಟಿಗ ಇಲ್ಲ. ಗಾಳಿಗೆ ಟೊಂಗೆ ಮುರಿದು, ಶಿಲೀಂಧ್ರ ಹಿಡಿದು, ಗೆದ್ದಲು ತಿಂದು ತಾನಾಗಿಯೇ ಟೊಳ್ಳಾಗಬೇಕು. ಡೇವಿಡ್ ಲಿಂಡೆನ್‌ಮೇಯರ್ ಎಂಬ ವಿಜ್ಞಾನಿ 1983ರಿಂದ ಇದೇ ಕಾಡಿನಲ್ಲಿ ಪೊಟರೆಯ ಮರಗಳನ್ನು ಎಣಿಸುತ್ತ, ಅವು ಬೀಳುವ ಲೆಕ್ಕ ಬರೆಯುತ್ತ ಬಂದಿದ್ದಾರೆ. ದಿಮ್ಮಿಗೆಂದು ಮರ ಕಡಿಯುವವರ ಲೆಕ್ಕವೋ ಸುಮಾರು 80 ವರ್ಷಕ್ಕೊಂದು ಸರದಿ. ನಲವತ್ತು ವರ್ಷ ಮೊದಲೇ ಕಡಿದರೆ ಪೊಟರೆ ಎಂಬುದು ಆ ಕಾಡಿನಲ್ಲಿ ಯಾವತ್ತೂ ಹುಟ್ಟುವುದೇ ಇಲ್ಲ. ಇದಕ್ಕೆ ಸಂಖ್ಯಾಶಾಸ್ತ್ರವೂ ಬೇಡ, ಕಳೆಯುವ ಲೆಕ್ಕ ಸಾಕು. ಕೋರ್ಟು ಕಚೇರಿ ಎಲ್ಲ ಆಗಿ, 2024ರ ಜನವರಿ 1ರಿಂದ ವಿಕ್ಟೋರಿಯಾದ ಸರ್ಕಾರಿ ನೈಸರ್ಗಿಕ ಕಾಡುಗಳಲ್ಲಿ ದಿಮ್ಮಿ ಕಡಿಯುವುದು ನಿಂತಿತು. ಅಲ್ಲಿಯವರೆಗೆ ತಾಳಿಕೊಳ್ಳಲಿ ಎಂದು ಪೆಟ್ಟಿಗೆ ಕಟ್ಟುತ್ತಾರೆ, ಗರಗಸದಿಂದ ಗಟ್ಟಿಮರದಲ್ಲಿ ಗೂಡು ಕೊರೆಯುತ್ತಾರೆ. ನನ್ನ ಹಿತ್ತಲಿನ ಪೆಟ್ಟಿಗೆಯ ಅಣ್ಣತಮ್ಮಂದಿರು.

ಆ ಸಂಜೆ ನನ್ನ ಮರದಿಂದ ಲೆಡ್‌ಬೀಟರ್ ಬರಲಿಲ್ಲ. ಪಕ್ಕದ ಮರದಿಂದ ಗ್ರೇಟರ್ ಗ್ಲೈಡರ್ ಒಂದು ಹೊರಬಂತು. ಸ್ವಲ್ಪ ಹೊತ್ತು ಪೊಟರೆಯ ಬಾಯಲ್ಲಿ ಕೂತಿತ್ತು. ಆಮೇಲೆ ಮೊಣಕೈಯಿಂದ ಹಿಂಗಾಲಿನವರೆಗಿನ ಚರ್ಮ ಬಿಚ್ಚಿ, ನನ್ನ ತಲೆಯ ಮೇಲೆ ಸದ್ದಿಲ್ಲದೆ ತೇಲಿ, ಕತ್ತಲಿನ ಇನ್ನೊಂದು ಮರಕ್ಕೆ ಅಂಟಿಕೊಂಡಿತು. ನನಗೆ ಕೈಕಾಲು ತಣ್ಣಗಾಯಿತು.

ಯಾಕೆಂದರೆ ನಾನು ಇದನ್ನು ಮುಂಚೆ ಕೇಳಿದ್ದೆ. ಸಾಗರದ ಕಡೆ ನಮ್ಮ ಅಡಿಕೆ ತೋಟದ ಅಂಚಿನಲ್ಲಿ ಒಂದು ಅಪ್ಪೆಮಿಡಿ ಮರವಿತ್ತು. ಅಜ್ಜನ ಕಾಲಕ್ಕೇ ಮುದಿಯಾಗಿದ್ದ ಮರ, ಬೊಡ್ಡೆಯಲ್ಲಿ ದೊಡ್ಡ ಪೊಟರೆ. ಎರಡು ವರ್ಷದ ಕೆಳಗೆ ಅದರ ಟೊಂಗೆಯೊಂದು ಮುರಿದು ಅಮ್ಮ ನಡೆಯುವ ದಾರಿಗೆ ಬಿತ್ತು. ಅಣ್ಣನಿಗೆ ಕಡಿಸುವ ಮನಸ್ಸಿರಲಿಲ್ಲ. ವಾರಕ್ಕೆರಡು ಸಲ ಫೋನು ಮಾಡಿ, ಟೊಳ್ಳು ಮರ ಇಟ್ಟುಕೊಂಡು ಏನು ಪೂಜೆ ಮಾಡ್ತೀಯಾ ಎಂದು ಜಗಳವಾಡಿ ಕಡಿಸಿದವಳು ನಾನು. ಕಡಿದ ದಿನ ಅಮ್ಮ ಹೇಳಿದ್ದಳು, "ಪೊಟರೆಯಿಂದ ಹಾರುಬೆಕ್ಕು ಹೊರಗೆ ಬಂತು ಕಣೇ. ಹಾಡಹಗಲು. ಪಾಪ, ಎಲ್ಲಿಗೆ ಹಾರಬೇಕು ಅಂತ ಗೊತ್ತಾಗದೆ ಕೂತಿತ್ತು." ನಾನು ನಕ್ಕಿದ್ದೆ. ಹಾರುಬೆಕ್ಕು ಬೆಕ್ಕಲ್ಲ, ಅಳಿಲಿನ ಜಾತಿ. ಗ್ಲೈಡರಿಗೂ ಅದಕ್ಕೂ ರಕ್ತಸಂಬಂಧವಿಲ್ಲ; ಎರಡೂ ಬೇರೆ ಬೇರೆಯಾಗಿ ತೇಲುವುದನ್ನು ಕಲಿತವು. ಹಗಲಿಗೆ ಮಲಗಲು ಎರಡಕ್ಕೂ ಪೊಟರೆ ಬೇಕು.

ನನ್ನ ಹಾಳೆಯಲ್ಲಿ ಆ ಮರದ ಎದುರು ಸೊನ್ನೆ ಬರೆದೆ. ಸೊನ್ನೆಯನ್ನೂ ಬರೆಯಲೇಬೇಕು ಎಂದು ತಂಡದ ಹಿರಿಯರು ಮೊದಲೇ ತಾಕೀತು ಮಾಡಿದ್ದರು. ಏನೂ ಕಾಣಲಿಲ್ಲವೆಂದು ಖಾಲಿ ಬಿಟ್ಟರೆ ಅಲ್ಲಿ ಯಾರೂ ಕೂತು ನೋಡಿಯೇ ಇಲ್ಲ ಎಂದಾಗುತ್ತದೆ.

ವಾಪಸು ಬರುವ ದಾರಿಯಲ್ಲಿ ಊರಿಗೆ ಫೋನು ಮಾಡಿದೆ. ಅಲ್ಲಿ ಮಧ್ಯಾಹ್ನದ ಚಹಾದ ಹೊತ್ತು. ಹಾರುಬೆಕ್ಕು ಆಮೇಲೆ ಕಂಡಿತ್ತಾ ಎಂದು ಕೇಳಿದೆ. ಯಾವ ಹಾರುಬೆಕ್ಕು ಎಂದಳು ಅಮ್ಮ. ನೆನಪು ಮಾಡಿಕೊಂಡು, ಇಲ್ಲ, ಆಮೇಲೆ ಕಾಣಲಿಲ್ಲ ಎಂದಳು. ಫೋನು ಅಣ್ಣನ ಕೈಗೆ ಹೋಯಿತು. ಬಾವಿಯ ಹತ್ತಿರದ ಹಾಲವಾಣದ ಒಣಗಿದ ಟೊಂಗೆಯಲ್ಲಿ ಕುಟ್ರುಹಕ್ಕಿ ತೂತು ಕೊರೆಯುತ್ತಿದೆಯಂತೆ, ಮಳೆಗಾಲದೊಳಗೆ ಆ ಟೊಂಗೆ ಕಡಿಸಬೇಕು ಎಂದುಕೊಂಡಿದ್ದಾನಂತೆ. ಕುಟ್ರು ಕೊರೆಯುವ ತೂತಿನಲ್ಲಿ ಹಾರುಬೆಕ್ಕಿನ ತಲೆಯೂ ಹಿಡಿಸದು, ಗೊತ್ತು. ಆದರೂ ಅದನ್ನು ಬಿಡು ಅಣ್ಣಾ ಎಂದೆ.

"ನೀನೇ ಅಲ್ವಾ ಮಾರಾಯ್ತಿ, ಟೊಳ್ಳು ಮರ ಯಾಕೆ ಅಂತ ಜಗಳ ಮಾಡಿದ್ದು?" ಎಂದ ಅಣ್ಣ.

ಹೌದು ಎಂದೆ. ಆಚೆ ಕಡೆ ಲೋಟ ಕೆಳಗಿಟ್ಟ ಸದ್ದು ಕೇಳಿತು. ಬಾವಿಗೆ ಬೀಳದ ಹಾಗೆ ತುದಿಯಷ್ಟೇ ಕಡಿಸಬಹುದಾ, ನಾಳೆ ನೋಡ್ತೇನೆ ಎಂದ.