ಸಕ್ಕರೆ ಕಾರ್ಖಾನೆಯಲ್ಲಿ ಅಳುವವಳು

ಅಕ್ಕನ ಮಗ ನನ್ನನ್ನು ಆಟದಿಂದ ಹೊರಗೆ ಹಾಕಿದ. ಅದೂ ಮತ ಹಾಕಿಸಿ! ಅವನೂ ಅವನ ಇಬ್ಬರು ಇಂಜಿನಿಯರಿಂಗ್ ಗೆಳೆಯರೂ ‘ಹೌದು’ ಎಂದು ಒತ್ತಿದರು, ನಲವತ್ತು ದಾಟಿದ ನಾನು ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಪೆಚ್ಚಾಗಿ ಕೂತೆ.

ಆಟ ‘ಲೆಫ್ಟ್ 4 ಡೆಡ್ 2’, ನಾಲ್ವರು ಕೂಡಿ ಪಿಶಾಚಿಗಳಿಂದ ತಪ್ಪಿಸಿಕೊಳ್ಳುವ ವಿಡಿಯೋ ಗೇಮ್. ಮೊದಲನೆಯದು 2008ರ ನವೆಂಬರಿನಲ್ಲಿ ಬಂದಿತ್ತು, ಸರಿಯಾಗಿ ಒಂದು ವರ್ಷಕ್ಕೆ ವಾಲ್ವ್ ಕಂಪನಿ ಎರಡನೆಯದನ್ನೂ ತಂದಿತು. ಇಷ್ಟು ಬೇಗ ಯಾಕೆ ಎಂದು ಅಭಿಮಾನಿಗಳೇ ಸಿಟ್ಟಾಗಿ ಬಹಿಷ್ಕಾರ ಹೂಡಿದ್ದರು. ಆಡದೆಯೇ ನಾನೂ ಆ ಗುಂಪಿಗೆ ಸೇರಿದವನು. ‘ಹಳೇ ಸಾರಿಗೆ ಹೊಸ ಒಗ್ಗರಣೆ’ ಎಂದು ಕಂಡಕಂಡವರಿಗೆ ಹೇಳಿದ್ದೆ. ‘ಹಾರ್ಡ್ ರೇನ್’ ಎಂಬ ಭಾಗದಲ್ಲಿ ದೋಣಿಗೆ ಪೆಟ್ರೋಲ್ ತರಲು ಹೋದ ದಾರಿಯಲ್ಲೇ ವಾಪಸು ಬರಬೇಕು ಎಂದು ಓದಿ, ‘ನೋಡಿ, ಎಂಥ ಸೋಮಾರಿತನ’ ಎಂದು ನಕ್ಕಿದ್ದೂ ಉಂಟು.

ಆ ರಾತ್ರಿ ಆಡಿದ್ದು ಅದೇ ಭಾಗ. ದಾರಿಯಲ್ಲಿ ಪಾಳುಬಿದ್ದ ಸಕ್ಕರೆ ಕಾರ್ಖಾನೆ. ಒಳಗೆ ಕತ್ತಲಲ್ಲಿ ಅಲ್ಲೊಬ್ಬಳು ಇಲ್ಲೊಬ್ಬಳು ‘ವಿಚ್’, ಬಿಕ್ಕಿ ಬಿಕ್ಕಿ ಅಳುತ್ತಿರುತ್ತಾಳೆ. ತಂಟೆಗೆ ಹೋಗದಿದ್ದರೆ ಅವಳ ಪಾಡಿಗೆ ಅವಳು.

“ಮಾವ, ಟಾರ್ಚ್ ಆರ್ಸು. ಪಕ್ಕದಲ್ಲೇ ಸರ್ಕೊಂಡ್ ಹೋಗಣ” ಅಂದ ಹುಡುಗ.

ಮಂಡ್ಯದಲ್ಲಿ ಹುಟ್ಟಿದವನಿಗೆ ಸಕ್ಕರೆ ಕಾರ್ಖಾನೆ ಭಯವೇ! ಹತ್ತಿರ ಹೋಗಿ ತಲೆಗೊಂದು ಶಾಟ್‌ಗನ್ ಏಟು ಬಿಟ್ಟರೆ ಒಂದೇ ಸಲಕ್ಕೆ ಸಾಯುತ್ತಾಳೆ ಎಂದು ಎಲ್ಲೋ ನೋಡಿದ್ದೆ. ಹೋದೆ, ಹೊಡೆದೆ, ತಪ್ಪಿತು. ಅವಳು ಕಿರುಚಿ ಎದ್ದ ಮರುಕ್ಷಣ ನಾನು ನೆಲಕ್ಕೆ. ಎತ್ತಲು ಓಡಿ ಬಂದ ಅಳಿಯನಿಗೆ, ಬಿದ್ದಲ್ಲಿಂದಲೇ ಗಾಬರಿಯಲ್ಲಿ ಹಾರಿಸಿದ ನನ್ನ ಗುಂಡು. ಈ ಆಟದಲ್ಲಿ ನಮ್ಮವರ ಗುಂಡು ನಮ್ಮವರಿಗೂ ತಾಗುತ್ತದೆ. ನಾಲ್ವರೂ ಸತ್ತೆವು.

ಮಾನ ಉಳಿಸಿಕೊಳ್ಳಲು ಎರಡನೇ ಸಲ ಎಲ್ಲರಿಗಿಂತ ಮುಂದೆ ಓಡಿದೆ. ‘ಜಾಕಿ’ ಎಂಬ ಗುಜ್ಜಾರಿ ಪಿಶಾಚಿ ಹೆಗಲೇರಿ ಬೇರೆ ದಿಕ್ಕಿಗೇ ಓಡಿಸಿಕೊಂಡು ಹೋಯಿತು. ಅದನ್ನು ಕೊಡವಿಕೊಳ್ಳಲು ನಮ್ಮಿಂದಾಗದು, ಇನ್ನೊಬ್ಬರೇ ಬಂದು ಬಿಡಿಸಬೇಕು. ಆ ಇನ್ನೊಬ್ಬರನ್ನು ನಾನು ಹಿಂದೆ ಬಿಟ್ಟು ಬಂದಿದ್ದೆ. ಮತ ಹಾಕಿದ್ದು ಆಗಲೇ.

ಸಿಟ್ಟಿನಲ್ಲಿ ಎರಡು ದಿನ ಆಟದ ದೋಷ ಹುಡುಕಿದೆ. ಸಿಕ್ಕವು ಸುಳ್ಳೇನಲ್ಲ. ಕತೆ ಅಂಗೈಯಗಲ. ಮನುಷ್ಯರು ಸಾಲದಿದ್ದಾಗ ಜೊತೆಗೂಡುವ ಬಾಟ್‌ಗಳು ಪೆಟ್ರೋಲ್ ಡಬ್ಬ ಮುಟ್ಟುವುದಿಲ್ಲ. ಇನ್ನೊಂದು ಭಾಗದಲ್ಲಿ, ಮಾಲ್‌ನಲ್ಲಿ ಹದಿಮೂರು ಡಬ್ಬ ತಂದು ಕಾರಿಗೆ ಸುರಿಯುವಾಗ ಅಷ್ಟನ್ನೂ ನಾವೇ ಹೊರಬೇಕು. ಗುರುತಿಲ್ಲದವರ ಜೊತೆ ಕೂತರೆ ಬೈಗುಳವೇ ಹೆಚ್ಚು. ಇಷ್ಟು ಪಟ್ಟಿ ಮಾಡಿದರೂ ನನ್ನನ್ನು ಕೆಡವಿದ ದೋಷ ಅದರಲ್ಲಿರಲಿಲ್ಲ.

ಮೂರನೇ ದಿನ ಹುಡುಗನೇ ಫೋನ್ ಮಾಡಿದ. “ಬೇಜಾರಾಯ್ತಾ ಮಾವ? ಬಾ, ಈ ಸಲ ಹಿಂದ್‌ಗಡೆ ಇರು.” ಹೋದೆ. ಟಾರ್ಚ್ ಆರಿಸಿ, ಉಸಿರು ಬಿಗಿಹಿಡಿದು ಕಾರ್ಖಾನೆ ದಾಟಿದೆ. ಪೆಟ್ರೋಲ್ ಹಿಡಿದು ವಾಪಸು ಹೊರಟಾಗ ಬಿರುಗಾಳಿ ಮಳೆ. ಆಗಷ್ಟೇ ನಡೆದ ದಾರಿಯಲ್ಲಿ ನೀರು ನಿಂತಿದೆ, ಎರಡು ಮಾರು ದೂರದ ಜೊತೆಗಾರನೂ ಕಾಣ, ಅವನ ಕೂಗೂ ಕೇಳದು. ಸೋಮಾರಿತನ ಎಂದು ನಾನು ನಕ್ಕಿದ್ದ ದಾರಿ ಇದೇ. ಇಡೀ ಆಟದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ದೋಣಿ ಹತ್ತುವಾಗ ನನ್ನ ಔಷಧಿ ಡಬ್ಬಿ ಖಾಲಿಯಾಗಿತ್ತು. ಅಳಿಯನಿಗೆ ಕಟ್ಟಿದ್ದೆ.