ಖಾನುಮ್, ಅಮ್ಮ ಮತ್ತು ಒಂಬತ್ತು ನಿಮಿಷದ ಕತ್ತಲೆ

ಇಲ್ಲಿ ಏನಾದರೂ ಬರೆದು ಎಷ್ಟು ತಿಂಗಳಾಯ್ತೋ, ಲೆಕ್ಕ ಇಟ್ಟಿಲ್ಲ. "ಏನ್ರೀ, ಬ್ಲಾಗಿಗೆ ಬೀಗ ಹಾಕಿದ್ರಾ?" ಅಂತ ಇಬ್ಬರು ಮೂವರು ಕೇಳಿದ್ದೂ ಆಯ್ತು. ಬೀಗ ಹಾಕಿಲ್ಲ ಸ್ವಾಮಿ, ಸೋಮಾರಿತನ ಅಷ್ಟೆ. ಮೊನ್ನೆ ಬೀರು ಕ್ಲೀನ್ ಮಾಡುವಾಗ ಹಳೆ ಕಾಗದಗಳ ಮಧ್ಯೆ ನನಗೆ ಬಂದಿದ್ದ ಒಂದು ನೋಟಿಸು ಸಿಕ್ಕಿತು. ದುಬೈನಲ್ಲಿದ್ದಾಗಿನದು. 2010ರ ಮಾರ್ಚ್ ತಿಂಗಳದ್ದು. ಅದನ್ನು ಓದಿದ ಮೇಲೆ ಇದನ್ನು ಬರೆಯದೇ ಬೇರೆ ಕೆಲಸ ಮಾಡೋಕೆ ಆಗ್ತಿಲ್ಲ.

ನಾನು ದುಬೈನಲ್ಲಿ ಟಿವಿ ಕೆಲಸದಲ್ಲಿದ್ದೆ ಅಂದರೆ ಸಾಗರದ ನಮ್ಮ ನೆಂಟರೆಲ್ಲ "ಯಾವಾಗ ಬರ್ತೀಯಾ ಟಿವಿಲಿ?" ಅಂತ ಕೇಳುತ್ತಿದ್ದರು. ನಾನು ಪ್ಲೇಔಟ್‌ನವನು. ಅಂದರೆ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಇರ್ತಾರಲ್ಲ, ಯಾವ ಬಸ್ಸು ಎಷ್ಟು ಹೊತ್ತಿಗೆ ಬಿಡಬೇಕು ಅಂತ ನೋಡುವವರು, ಹಾಗೆ. ಬಸ್ಸಿನ ಬದಲು ಧಾರಾವಾಹಿ, ಜಾಹೀರಾತು, ಮತ್ತೆ ಧಾರಾವಾಹಿ. ಎದುರಿಗೆ ಹತ್ತಾರು ಮಾನಿಟರು, ತಣ್ಣನೆ ಎ.ಸಿ., ಮೈಮೇಲೆ ಸ್ವೆಟರು. ಹೊರಗೆ ನಲವತ್ತೈದು ಡಿಗ್ರಿ!

2009ರ ಹೊತ್ತಿಗೆ ದುಬೈನಲ್ಲಿ ಎಲ್ಲರಿಗೂ ಪರ್ಷಿಯನ್ ಚಾನೆಲ್ಲಿನ ಹುಚ್ಚು ಹಿಡಿದಿತ್ತು. ಆ ವರ್ಷ ಜನವರಿಯಲ್ಲಿ ಬಿಬಿಸಿಯವರು ಪರ್ಷಿಯನ್ ಟಿವಿ ಶುರುಮಾಡಿದ್ದರು, ಆದರೆ ಅದು ಸುದ್ದಿ. ಆಗಸ್ಟಿನಲ್ಲಿ ಫಾರ್ಸಿ ವನ್ ಬಂತು ನೋಡಿ, ಅದು ಬರೀ ಮನರಂಜನೆ. ಮರ್ಡೋಕರ ನ್ಯೂಸ್ ಕಾರ್ಪೊರೇಷನ್ನು ಮತ್ತು ಅಫ್ಘಾನಿಸ್ತಾನದ ಮೋಬಿ ಗ್ರೂಪು ಸೇರಿ ಮಾಡಿದ್ದು. ಲ್ಯಾಟಿನ್ ಅಮೆರಿಕದ್ದು, ಕೊರಿಯಾದ್ದು, ಅಮೆರಿಕದ್ದು ಅಂತ ಎಲ್ಲ ಕಡೆಯ ಧಾರಾವಾಹಿ ತಂದು ಪರ್ಷಿಯನ್ನಿಗೆ ಡಬ್ ಮಾಡಿ ಬಿಟ್ಟರು. ಇರಾನಿನ ಮನೆಮನೆಯಲ್ಲಿ ಸಂಜೆ ಆದರೆ ಅದೇ. ನಮ್ಮ ಚಾನೆಲ್ಲು (ಹೆಸರು ಬೇಡ ಬಿಡಿ) ಅದೇ ಗಾಳಿಯಲ್ಲಿ ತೂರಿಕೊಳ್ಳಲು ಹೊರಟ ಸಣ್ಣದು. "ಇಡೀ ಕುಟುಂಬ ಕೂತು ನೋಡುವಂಥದ್ದು" ಅನ್ನೋದು ನಮ್ಮ ಮಂತ್ರ. ಇರಾನು, ಅಫ್ಘಾನಿಸ್ತಾನ, ತಜಿಕಿಸ್ತಾನ ಮೂರೂ ಕಡೆ ನೋಡಬೇಕು ಅನ್ನೋ ಆಸೆ ಬೇರೆ. ಭಾಷೆಯ ಮೂಲ ಒಂದೇ, ಆದರೆ ಟೆಹರಾನಿನವರ ಕಿವಿಗೆ ಕಾಬೂಲಿನ ಉಚ್ಚಾರ ಸೇರಲ್ಲ. ತಜಿಕಿಸ್ತಾನದವರು ಬರೆಯುವುದು ರಷ್ಯನ್ ಲಿಪಿಯಲ್ಲಿ, ಹಾಗಾಗಿ ಪರದೆ ಮೇಲೆ ಹಾಕಿದ ಅಕ್ಷರ ಅವರಿಗೆ ಪ್ರಯೋಜನ ಇಲ್ಲ. ಕೊನೆಗೆ ಟೆಹರಾನಿನ ಉಚ್ಚಾರವೇ ಗೆದ್ದಿತು. ಧಾರವಾಡ, ಮಂಗಳೂರು, ಬೆಂಗಳೂರು ಜಗಳ ನೋಡಿದ ನಮಗೆ ಇದೇನು ಹೊಸದಾ?

ಒಂದು ವಿಷಯ ಹೇಳಲೇಬೇಕು. ಇರಾನಿನಲ್ಲಿ 1995ರಿಂದ ಡಿಶ್ ಇಟ್ಟುಕೊಳ್ಳೋದೇ ಕಾನೂನಿಗೆ ವಿರುದ್ಧ. ಪೊಲೀಸರು ಬಂದು ಕಿತ್ತುಕೊಂಡು ಹೋಗ್ತಾರೆ, ದಂಡ ಹಾಕ್ತಾರೆ. ಜನ ಮತ್ತೊಂದು ತಂದು ಕೂರಿಸ್ತಾರೆ. 2016ರಲ್ಲಿ ಒಂದು ಲಕ್ಷ ಡಿಶ್ಶುಗಳನ್ನು ಒಟ್ಟು ಹಾಕಿ ಸಮಾರಂಭ ಮಾಡಿ ಪುಡಿ ಮಾಡಿದ್ದರು, ಅಂದರೆ ಎಷ್ಟಿದ್ದಾವು ಲೆಕ್ಕ ಹಾಕಿ. ಅದೂ ಸಾಲದು ಅಂತ ಸಿಗ್ನಲ್ಲನ್ನೇ ಕೆಡಿಸೋದು. ಅದಕ್ಕೆ ಅಲ್ಲಿಯವರ ಮಾತು "ಪಾರಾಜಿತ್". ಸೀರಿಯಲ್ಲು ನೋಡ್ತಾ ಇದ್ದ ಹಾಗೇ ಚಿತ್ರ ಚೌಕ ಚೌಕ ಆಗಿ ಒಡೆದು ಕಪ್ಪಾಗಿ ಹೋಗುತ್ತೆ. ಇರಾನಿನ ಕಂಪನಿಗಳು ನಮಗೆ ಬಹಿರಂಗವಾಗಿ ಜಾಹೀರಾತು ಕೊಡುವ ಹಾಗಿಲ್ಲ. ಸಿಕ್ಕಿದ್ದು ದುಬೈನ ಫ್ಲ್ಯಾಟು ಮಾರುವವರದ್ದು, ಹೊಟ್ಟೆ ಕರಗಿಸುವ ಬೆಲ್ಟಿನದ್ದು. ನೋಡುವವರು ಬೇಕಾದಷ್ಟು, ದುಡ್ಡು ಮಾತ್ರ ಇಲ್ಲ. ಚಂದಾ ಕೇಳೋಣ ಅಂದರೆ ಕದ್ದು ನೋಡುವವರ ಹತ್ತಿರ ಚಂದಾ ವಸೂಲಿ ಮಾಡೋದು ಹೇಗೆ?

ಖಾನುಮ್ ಪರಿಚಯ ಆಗಿದ್ದು ಅಲ್ಲೇ. ಖಾನುಮ್ ಅಂದರೆ ನಮ್ಮ "ಅಮ್ಮಾವ್ರು" ಅಂದ ಹಾಗೆ. ಎಲ್ಲರೂ ಹಾಗೇ ಕರೆಯುತ್ತಿದ್ದೆವು. ಡಬ್ಬಿಂಗ್ ವಿಭಾಗದವರು. ಐವತ್ತರ ಆಸುಪಾಸು, ಶಿರಾಜಿನವರು. ನನ್ನನ್ನು "ಹೆಂದಿ" ಅಂತ ಕರೀತಿದ್ದರು. ಹೆಂದಿ ಅಂದರೆ ಇಂಡಿಯಾದವನು, ಹಂದಿ ಅಲ್ಲ ಮಾರಾಯ್ರೆ! ನಮ್ಮಿಬ್ಬರ ನಡುವೆ ಓಡುತ್ತಿದ್ದದ್ದು ಅರೆಬೆಂದ ಇಂಗ್ಲಿಷು. ಆದರೆ ಕಾಗದ, ದಫ್ತರ, ಜಮೀನು, ಗುಮಾಸ್ತ, ಪರದೆ ಇವೆಲ್ಲ ನಮ್ಮ ಊರಲ್ಲೂ ಇದ್ದಾವೆ ಅಂದಾಗ ಅವರಿಗೆ ಖುಷಿಯೋ ಖುಷಿ. "ಮತ್ತೊಂದು ಹೇಳು, ಮತ್ತೊಂದು ಹೇಳು" ಅಂತ ಮಗುವಿನ ಹಾಗೆ.

ಅವರ ಕೆಲಸ ನೋಡೋಕೆ ನನ್ನ ಶಿಫ್ಟ್ ಮುಗಿದ ಮೇಲೂ ಹೋಗಿ ಕೂತದ್ದಿದೆ. ಮೂಲ ಸ್ಪ್ಯಾನಿಷಿನಲ್ಲಿ ನಾಯಕ "ತೆ ಆಮೊ" ಅಂತ ಮೂರೇ ಉಸಿರಲ್ಲಿ ಪ್ರೀತಿ ಹೇಳಿ ಮುಗಿಸಿಬಿಡ್ತಾನೆ. ಪರ್ಷಿಯನ್ನಿನಲ್ಲಿ "ದೂಸ್ತೆತ್ ದಾರಮ್" ಅನ್ನಬೇಕು, ಅಷ್ಟರಲ್ಲಿ ಅವನ ಬಾಯಿ ಮುಚ್ಚಿರುತ್ತೆ. ಅದಕ್ಕಿಂತ ದೊಡ್ಡ ಕಷ್ಟ ಕ್ರಿಯಾಪದದ್ದು. ಪರ್ಷಿಯನ್ನಿನಲ್ಲೂ ನಮ್ಮ ಹಾಗೇ ಅದು ವಾಕ್ಯದ ಕೊನೆಗೆ ಬರೋದು. ಅಲ್ಲಿ ನಟಿ ವಾಕ್ಯದ ಮಧ್ಯದಲ್ಲೇ "ಕೊಂದೆ" ಅಂತ ಕಣ್ಣು ಅರಳಿಸಿದರೆ, ಇಲ್ಲಿ ಆ ಹೊತ್ತಿಗೆ ಇನ್ನೂ "ನಿನ್ನ ಅಣ್ಣನನ್ನು" ಅಂತ ನಡೀತಿರುತ್ತೆ. ಖಾನುಮ್ ಪೆನ್ಸಿಲ್ ಹಿಡಿದು ಪದಗಳನ್ನು ಆ ಕಡೆ ಈ ಕಡೆ ಸರಿಸಿ, ಕಣ್ಣು ಅರಳುವ ಜಾಗಕ್ಕೆ ಸರಿಯಾಗಿ ಅದನ್ನು ತಂದು ಕೂರಿಸುತ್ತಿದ್ದರು. ಇನ್ನು ಕುಟುಂಬದ ಲೆಕ್ಕ ಬೇರೆ. ಬಾಯ್‌ಫ್ರೆಂಡ್ ಅಂತ ಇದ್ದಲ್ಲಿ "ನಾಮ್ಜದ್", ಅಂದರೆ ನಿಶ್ಚಯ ಆದ ಹುಡುಗ. ಒಂದು ಧಾರಾವಾಹಿಯಲ್ಲಿ ಒಬ್ಬಳೇ ಹುಡುಗಿಗೆ ನಾಲ್ಕು ಸಲ ನಿಶ್ಚಿತಾರ್ಥ ಆಯ್ತು! ವೈನೆಲ್ಲ ಶರಬತ್ತು.

ಇರಾನಿನವರಿಗೆ ಡಬ್ಬಿಂಗ್ ಅಂದರೆ ಸುಮ್ಮನೆ ಅಲ್ಲ. 1946ರಲ್ಲಿ ಟೆಹರಾನಿನಲ್ಲಿ ಮೊದಲ ಸಲ ಪರ್ಷಿಯನ್ ಮಾತಾಡಿದ ವಿದೇಶಿ ಸಿನಿಮಾ ಬಂತಂತೆ, ಒಂದು ಫ್ರೆಂಚ್ ಚಿತ್ರ. ಇಸ್ಮಾಯಿಲ್ ಕೂಶಾನ್ ಅನ್ನುವವರು ಅದನ್ನು ಡಬ್ ಮಾಡಿಸಿದ್ದು ಇಸ್ತಾಂಬುಲಿನಲ್ಲಿ. "ನೋಡು ಹೆಂದಿ, ಮೊದಲಿಂದಲೂ ನಮ್ಮ ದನಿ ಹೊರಗಿಂದಲೇ ಮನೆಗೆ ಬರೋದು" ಅನ್ನುತ್ತಿದ್ದರು ಖಾನುಮ್.

ನಾನೋ, ಡಬ್ಬಿಂಗ್ ಅಂದರೆ ಪಾಪ ಅನ್ನೋ ನಾಡಿಂದ ಬಂದವನು. ಅರವತ್ತರ ದಶಕದ ಚಳವಳಿಯ ನಂತರ ನಮ್ಮಲ್ಲಿ ಡಬ್ಬಿಂಗ್ ನಿಂತೇ ಹೋಗಿತ್ತಲ್ಲ. 2012ರಲ್ಲಿ ಆಮಿರ್ ಖಾನರ ಸತ್ಯಮೇವ ಜಯತೆ ಕೂಡ ಕನ್ನಡದಲ್ಲಿ ಬರಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗದ ತೀರ್ಪು ಬಂದ ಮೇಲೆ ಬಾಗಿಲು ಸ್ವಲ್ಪ ತೆರೆಯಿತು. ಈ ವಿಷಯಕ್ಕೆ ಇಲ್ಲಿ ಮೊದಲೇ ಜಗಳ ಆಗಿದೆ, ಮತ್ತೆ ಬೇಡ. ಕಲಾವಿದರ ಅನ್ನದ ಪ್ರಶ್ನೆ ನನಗೂ ಅರ್ಥ ಆಗುತ್ತೆ. ಆದರೆ ನಮ್ಮ ತುಳಸಿ, ಅದೇ "ಕ್ಯೂಂಕಿ ಸಾಸ್ ಭಿ ಕಭಿ ಬಹೂ ಥಿ"ಯವಳು, ಕಾಬೂಲಿನ ಟೋಲೊ ಟಿವಿಯಲ್ಲಿ ದರಿ ಭಾಷೆ ಮಾತಾಡಿ ಊರನ್ನೇ ಹುಚ್ಚು ಹಿಡಿಸಿದ್ದಳು. 2008ರಲ್ಲಿ ಅಲ್ಲಿನ ಸರ್ಕಾರ ಇಂಡಿಯಾದ ಧಾರಾವಾಹಿಗಳನ್ನು ನಿಲ್ಲಿಸಿ ಅಂತ ಹೇಳುವಷ್ಟು! ಕಾಬೂಲಿನ ಅಜ್ಜಿಗೆ ತಿಳಿಯುವ ತುಳಸಿ ಸಾಗರದ ನನ್ನ ಅಮ್ಮನಿಗೆ ತಿಳಿಯುತ್ತಿರಲಿಲ್ಲ. ಅಮ್ಮನಿಗೆ ಹಿಂದಿ ಬರಲ್ಲ.

ಖಾನುಮ್ ಹೆಸರು ಧಾರಾವಾಹಿಯ ಕೊನೆಗೆ ಬರುತ್ತಿರಲಿಲ್ಲ. ಅವರೇ ಬೇಡ ಅಂದಿದ್ದರು. ಶಿರಾಜಿನಲ್ಲಿ ಅವರ ಅಮ್ಮ ಮತ್ತು ತಮ್ಮ ಇದ್ದರು. ಯಾರು ಯಾವಾಗ ಬಂದು ಏನು ಕೇಳ್ತಾರೋ ಗೊತ್ತಿಲ್ಲ ಅನ್ನುವ ಭಯ. ಆಗ ನನಗೆ ಅದು ಸ್ವಲ್ಪ ಅತಿಯಾಯ್ತು ಅನ್ನಿಸಿತ್ತು. 2017ರಲ್ಲಿ ಜೆಮ್ ಟಿವಿಯ ಸಯೀದ್ ಕರೀಮಿಯಾನರನ್ನು ಇಸ್ತಾಂಬುಲಿನ ರಸ್ತೆಯಲ್ಲಿ ಗುಂಡಿಟ್ಟು ಕೊಂದ ಸುದ್ದಿ ಓದಿದ ಮೇಲೆ ಹಾಗನ್ನಿಸಲಿಲ್ಲ.

ಫೋನಿನಲ್ಲಿ ತಾಯಿ ಮಗಳು ಚಾನೆಲ್ಲಿನ ವಿಷಯ ಎತ್ತುತ್ತಲೇ ಇರಲಿಲ್ಲವಂತೆ. ಆದರೆ ಅಮ್ಮ ದಿನಾ ರಾತ್ರಿ ಒಂಬತ್ತಕ್ಕೆ ಮಗಳ ದನಿ ಕೇಳುತ್ತಿದ್ದರು, ಯಾವಳೋ ಕೊಲಂಬಿಯಾದವಳ ಬಾಯಲ್ಲಿ. ಒಂದು ದಿನ ಫೋನು ಮಾಡಿ "ಯಾಕೆ, ಶೀತ ಆಗಿದೆಯಾ? ಕಷಾಯ ಕುಡಿ" ಅಂದರಂತೆ. ಖಾನುಮ್ ಆಗ ಚೆನ್ನಾಗೇ ಇದ್ದರು. ಶೀತ ಆಗಿದ್ದು ಮೂರು ವಾರದ ಹಿಂದೆ, ಆ ಕಂತು ರೆಕಾರ್ಡ್ ಮಾಡುವಾಗ!

ಈಗ ನೋಟಿಸಿನ ಕಥೆಗೆ ಬರ್ತೀನಿ.

ಚಳಿಗಾಲದಲ್ಲಿ ದುಬೈ ಇರಾನಿಗಿಂತ ಅರ್ಧ ಗಂಟೆ ಮುಂದೆ. ನೌರೂಜ್ ಹಬ್ಬದ ಮರುದಿನದಿಂದ ಇರಾನಿನವರು ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸುತ್ತಿದ್ದರು, ಆಗ ದುಬೈ ಅರ್ಧ ಗಂಟೆ ಹಿಂದೆ. ನಮ್ಮ ಕಂಪ್ಯೂಟರು ಓಡುವುದು ಗ್ರೀನ್‌ವಿಚ್ ಸಮಯದಲ್ಲಿ. ಅಂದರೆ ಆ ದಿನ ಇಡೀ ಪಟ್ಟಿಯನ್ನು ಒಂದು ಗಂಟೆ ಹಿಂದಕ್ಕೆ ಎಳೆಯಬೇಕು. 2010ರ ಮಾರ್ಚ್ 22. ನಾನೇ ಎಳೆದೆ. ಆದರೆ ಒಂಬತ್ತರ ಧಾರಾವಾಹಿಗೆ "ಇದೇ ಹೊತ್ತಿಗೆ" ಅಂತ ಬೀಗ ಹಾಕಿದ್ದು ನೆನಪಾಗಲಿಲ್ಲ. ಅದು ಹಳೆಯ ಹೊತ್ತಿನಲ್ಲೇ ನಿಂತಿತು. ಅದರ ಹಿಂದಿನದೆಲ್ಲ ಒಂದು ಗಂಟೆ ಮೊದಲೇ ಮುಗಿಯಿತು. ನಡುವೆ ಏನೂ ಇಲ್ಲ.

ಹಬ್ಬದ ರಜೆ, ಆಫೀಸಿನಲ್ಲಿ ನಾನೊಬ್ಬನೇ. ಮೂಲೆ ಮೇಜಿನ ಮೇಲೆ ಖಾನುಮ್ ಜೋಡಿಸಿಟ್ಟು ಹೋದ ಮೊಳಕೆ ಗೋಧಿ, ಬೆಳ್ಳುಳ್ಳಿ, ಸೇಬು, ವಿನೆಗರು. ನೌರೂಜಿಗೆ ಹೀಗೆ "ಸ"ಕಾರದ ಏಳು ವಸ್ತು ಇಡಬೇಕು. ನಮ್ಮ ಯುಗಾದಿ ಆರು ದಿನ ಹಿಂದೆ ಆಗಿತ್ತು, ನಾನು ಅಮ್ಮನಿಗೆ ಫೋನೇ ಮಾಡಿರಲಿಲ್ಲ. ಅಮ್ಮ ಸಿಗುವುದು ರಾತ್ರಿ ಹತ್ತಕ್ಕೆ, ಅವಳ ಒಂಬತ್ತೂವರೆಯ ಧಾರಾವಾಹಿ ಮುಗಿದ ಮೇಲೆ. ಅಂದರೆ ದುಬೈನಲ್ಲಿ ಎಂಟೂವರೆ. ಚಳಿಗಾಲ ಪೂರ್ತಿ ನನಗೆ ಎಂಟೂವರೆ ಅಂದರೆ ಬಿಡುವಿನ ಹೊತ್ತು. ಪಟ್ಟಿ ಬದಲಿಸಿದ ಕೈಗೆ ಗೊತ್ತಿತ್ತು, ಎದ್ದು ಕಾರಿಡಾರಿಗೆ ಹೋದ ಕಾಲಿಗೆ ಗೊತ್ತಿರಲಿಲ್ಲ.

"ಊಟ ಆತನೋ? ಹಬ್ಬದ ದಿನ ಒಂದು ಫೋನು ಮಾಡಕ್ಕೆ ಆಗ್ಲಿಲ್ವಾ ನಿಂಗೆ?" ಅಂತ ಶುರುವಾಯ್ತು. ಅಡಿಕೆ ಸುಲಿಯೋಕೆ ಜನ ಸಿಗದ್ದು, ಪಕ್ಕದ ಮನೆಯ ದನ ತೋಟಕ್ಕೆ ನುಗ್ಗಿದ್ದು, ಎಲ್ಲ ಮುಗಿಸಿ ಒಳಗೆ ಬಂದರೆ ಮಾನಿಟರ್ ಕಪ್ಪು. ಒಂಬತ್ತು ನಿಮಿಷ. ಅಲಾರ್ಮಿನ ಸದ್ದು ಕಿರಿಕಿರಿ ಅಂತ ಕಡಿಮೆ ಮಾಡಿಟ್ಟವನೂ ನಾನೇ. ಕೈ ನಡುಗುತ್ತಾ ಧಾರಾವಾಹಿ ಬಿಟ್ಟೆ. ಲಾಗ್‌ನಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆದೆ. ಮೂರು ದಿನಕ್ಕೆ ನೋಟಿಸು ಬಂತು, ಬರಬೇಕಾದದ್ದೇ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಖಾನುಮ್ ರಜೆ ಮುಗಿಸಿ ಬಂದವರು ಸಪ್ಪಗಿದ್ದರು. ಊರಿಂದ ಅಮ್ಮ ದಿನಾ ಫೋನು ಮಾಡ್ತಾರಂತೆ. "ಚೆನ್ನಾಗಿದ್ದೀಯಾ? ನಿಜವಾಗಿ ಚೆನ್ನಾಗಿದ್ದೀಯಾ?" ಅದೇ ಪ್ರಶ್ನೆ. ಅಮ್ಮನಿಗೇ ಏನೋ ಆಗಿದೆ ಅಂತ ಇವರಿಗೆ ದಿಗಿಲು. ಏಪ್ರಿಲ್ ಮೊದಲ ವಾರ ಸಂಗತಿ ಗೊತ್ತಾಯ್ತು. ಆ ರಾತ್ರಿ ಶಿರಾಜಿನಲ್ಲಿ ಸರಿಯಾಗಿ ಒಂಬತ್ತಕ್ಕೆ ಟಿವಿ ಕಪ್ಪಾಯ್ತು. ಗಾಳಿಗೆ ಡಿಶ್ ಸರಿದಿದೆ ಅಂತ ತಮ್ಮ ಮಾಳಿಗೆ ಹತ್ತಿದ. ಕೆಳಗಿಂದ ಅಮ್ಮ "ಬಂತು... ಇಲ್ಲ... ಇನ್ನೂ ಬಂದಿಲ್ಲ..." (ಎಂಬತ್ತರ ದಶಕದಲ್ಲಿ ದೂರದರ್ಶನಕ್ಕಾಗಿ ಹೆಂಚಿನ ಮಾಡು ಹತ್ತಿದವರಿಗೆ ಇದು ಗೊತ್ತಿರುತ್ತೆ.) ಒಂಬತ್ತು ನಿಮಿಷದಲ್ಲಿ ಸರಿಯಿದ್ದ ಡಿಶ್ಶನ್ನು ಎಲ್ಲಿಗೋ ತಿರುಗಿಸಿಬಿಟ್ಟಿದ್ದ. ನಾನು ಧಾರಾವಾಹಿ ಬಿಟ್ಟಾಗ ಅವರ ಮನೆಗೆ ಅದು ತಲುಪಲೇ ಇಲ್ಲ. ಡಿಶ್ ಸರಿ ಮಾಡುವವನು ಹಬ್ಬಕ್ಕೆ ಊರಿಗೆ ಹೋಗಿದ್ದ, ಹದಿಮೂರನೇ ದಿನದ ಪಿಕ್‌ನಿಕ್ ಮುಗಿಸಿಯೇ ಬಂದದ್ದು. ಹನ್ನೆರಡು ರಾತ್ರಿ ಮುದುಕಿಗೆ ಮಗಳ ದನಿ ಇಲ್ಲ. ಫೋನಿನಲ್ಲಿ ಕೇಳಿದ್ದು ಸಾಲದಾಗಿತ್ತೇನೋ.

ಕ್ಯಾಂಟೀನಿನಲ್ಲಿ ಖಾನುಮ್ ಇದನ್ನು ನಗುತ್ತಾ ಹೇಳಿದರು, ನಾನು ಚಹಾ ಲೋಟ ನೋಡ್ತಾ ಕೂತೆ. ಹೇಳಬೇಕಿತ್ತು, ಹೇಳಲಿಲ್ಲ. ಚಾನೆಲ್ಲು ಕೆಲವು ವರ್ಷಕ್ಕೆ ದುಡ್ಡಿಲ್ಲದೆ ಮುಚ್ಚಿತು. ಅವರು ಕೆನಡಾಕ್ಕೆ ಹೋದರು, ನಾನು ಬೆಂಗಳೂರಿಗೆ ಬಂದೆ. ಇರಾನ್ 2022ರಲ್ಲಿ ಗಡಿಯಾರ ತಿರುಗಿಸುವುದನ್ನೇ ಕೈಬಿಟ್ಟಿತು. ಹನ್ನೆರಡು ವರ್ಷ ಮೊದಲೇ ಬಿಡಬಾರದಿತ್ತಾ!

2020ರ ಲಾಕ್‌ಡೌನಿನಲ್ಲಿ ಸ್ಟಾರ್ ಸುವರ್ಣದಲ್ಲಿ ಡಬ್ ಆದ ಮಹಾಭಾರತ ಬಂದಾಗ ಅಮ್ಮನ ಪಕ್ಕ ಕೂತು ನೋಡಿದೆ. "ತುಟಿ ಒಂದು ಹೇಳ್ತದೆ, ಮಾತು ಒಂದು ಹೇಳ್ತದೆ. ಆದ್ರೂ ಕೃಷ್ಣ ಕೃಷ್ಣನೇ ಬಿಡು" ಅಂದಳು ಅಮ್ಮ. ನನ್ನ ಕಣ್ಣು ಕ್ರಿಯಾಪದ ಎಲ್ಲಿ ಬೀಳುತ್ತೆ ಅಂತಲೇ ಹುಡುಕುತ್ತಿತ್ತು.

ನೋಟಿಸು ಸಿಕ್ಕಿದ ಸಂಜೆ ಖಾನುಮ್‌ಗೆ ಫೋನು ಮಾಡಿ ಎಲ್ಲ ಹೇಳಿಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಮೌನ, ಆಮೇಲೆ ಜೋರು ನಗು. ಆ ದಿನದ ಲಾಗ್ ಎಲ್ಲ ವಿಭಾಗಕ್ಕೂ ಹೋಗಿತ್ತಂತೆ, ಡಬ್ಬಿಂಗಿಗೂ. ಕ್ಯಾಂಟೀನಿನಲ್ಲಿ ಕಥೆ ಹೇಳುವಾಗಲೇ ಅವರಿಗೆ ಗೊತ್ತಿತ್ತು. "ನೀನೇ ಹೇಳ್ತೀಯೇನೋ ಅಂತ ನೋಡ್ತಿದ್ದೆ" ಅಂದರು. ಅವರ ಅಮ್ಮ ಈಗಿಲ್ಲ. ಸರಿಯಿದ್ದ ಡಿಶ್ಶನ್ನು ಹಾಳು ಮಾಡಿದ್ದಕ್ಕೆ ಆ ತಮ್ಮನಿಗೆ ಕೊನೆವರೆಗೂ ಬೈಯುತ್ತಲೇ ಇದ್ದರಂತೆ.

ತಮ್ಮನ ನಂಬರು ಇಸ್ಕೊಂಡಿದ್ದೀನಿ. ಅವನಿಗೆ ಪರ್ಷಿಯನ್ ಬಿಟ್ಟು ಬೇರೆ ಬರಲ್ಲವಂತೆ. ಕ್ಷಮಿಸಿ ಅನ್ನೋದಕ್ಕೆ ಪರ್ಷಿಯನ್ನಿನಲ್ಲಿ "ಬೆಬಖ್ಷೀದ್" ಅನ್ನಬೇಕಂತೆ, ಎರಡು ದಿನದಿಂದ ಬಾಯಿಪಾಠ ಮಾಡ್ತಿದ್ದೀನಿ.